ಗಾಜಿನ ಕೆಳಗಿನ ಫಾರಂ: ಸ್ಕ್ಯಾನ್ ಮಾಡಿದ ಅರ್ಜಿಯನ್ನು ವರ್ಡ್‌ನಲ್ಲಿ ತುಂಬುವ ಬಗೆ

ಗುಬ್ಬಿ ಕಡೆಯ ಒಬ್ಬ ಯಜಮಾನರು ಮೊನ್ನೆ ಅಂಗಡಿಗೆ ಬಂದರು. ಜೊತೆಗೆ ಕಾಲೇಜು ಓದುವ ಮೊಮ್ಮಗ. ಯಜಮಾನರ ಕೈಯಲ್ಲಿ ನಾಲ್ಕಾಗಿ ಮಡಿಚಿದ ಸಾಲದ ಅರ್ಜಿ. ಜೆರಾಕ್ಸ್ ತೆಗೆದದ್ದರ ಜೆರಾಕ್ಸ್, ಮತ್ತೆ ಅದರ ಜೆರಾಕ್ಸ್. ಗೆರೆಗಳು ಅಲ್ಲಲ್ಲಿ ಅಳಿಸಿದ್ದವು. ಮೂಲೆಯಲ್ಲಿ ಯಾವುದೋ ಕಾಲದ ಸ್ಟೇಪ್ಲರ್ ಪಿನ್ನಿನ ನೆರಳು ಕೂಡ ಅಚ್ಚಾಗಿತ್ತು. "ಕೈಬರಹ ಓದಕ್ಕಾಗಲ್ಲ, ಟೈಪ್ ಮಾಡಿಸ್ಕೊಂಡು ಬನ್ನಿ ಅಂದ್ರು ಕಣಪ್ಪ," ಅಂದರು.

ಮೊಮ್ಮಗ ಮನೆಯಲ್ಲೇ ಒಂದು ಕೈ ನೋಡಿದ್ದ. ಫೋನಿನಲ್ಲಿ ಫೋಟೊ ತೆಗೆದು ವರ್ಡ್‌ಗೆ ಹಾಕಿದ್ದಾನೆ. 'ಅರ್ಜಿದಾರರ ಹೆಸರು' ಅನ್ನುವುದರ ಮುಂದೆ ಕ್ಲಿಕ್ ಮಾಡಿದರೆ ಫೋಟೊ ಸುತ್ತ ಚುಕ್ಕೆಗಳು ಬಂದವಂತೆ, ಕರ್ಸರ್ ಬರಲಿಲ್ಲವಂತೆ. ಫೋಟೊದ ಹಿಂದಕ್ಕೆ ಕರ್ಸರ್ ಇಟ್ಟು ಎಂಟರ್ ಒತ್ತಿದರೆ ಇಡೀ ಫಾರಂ ಎರಡನೇ ಪುಟಕ್ಕೆ ಹಾರಿತಂತೆ. "ಅಣ್ಣ, ವರ್ಡ್‌ನಲ್ಲಿ ಇದು ಆಗಲ್ಲ ಅಲ್ವಾ?" ಅಂದ.

ಆಗುತ್ತದೆ. ತುಮಕೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವರಿಗೆ ಇದು ದಿನದ ಕೆಲಸ. ಆದರೆ ಅವನು ಎಡವಿದ ಜಾಗದಲ್ಲೇ ಎಲ್ಲರೂ ಎಡವುತ್ತಾರೆ. ಅದಕ್ಕೆ ಕಾರಣ ಒಂದೇ. ನಮ್ಮ ಕಣ್ಣಿಗೆ ಅದು ಫಾರಂ. ವರ್ಡ್‌ಗೆ ಅದು ಬರೀ ಫೋಟೊ. ಅದರೊಳಗಿನ ಗೆರೆ, ಬಾಕ್ಸ್, 'ಹೆಸರು' ಅನ್ನುವ ಪದ ಯಾವುದೂ ವರ್ಡ್‌ಗೆ ಗೊತ್ತಿಲ್ಲ. ಮದುವೆ ಫೋಟೊ ಹಾಕಿದರೂ ಅದು ಹೀಗೇ ನಡೆದುಕೊಳ್ಳುತ್ತದೆ.

ನನ್ನ ಟೇಬಲ್ ಮೇಲೆ ಒಂದು ಗಾಜು ಹಾಸಿದೆ. ಗಾಜಿನ ಕೆಳಗೆ ರೇಟ್ ಕಾರ್ಡ್, ಕ್ಯಾಲೆಂಡರ್, ಒಂದೆರಡು ವಿಸಿಟಿಂಗ್ ಕಾರ್ಡ್. ಅವನಿಗೆ ಅದನ್ನೇ ತೋರಿಸಿದೆ. ಫಾರಂ ಗಾಜಿನ ಕೆಳಗಿರಲಿ. ನೀನು ಗಾಜಿನ ಮೇಲೆ ಬರಿ. ಕೆಳಗಿನ ಹಾಳೆ ಅಲುಗಬಾರದು, ಅಳತೆಯೂ ನಿಜವಾದ ಹಾಳೆಯಷ್ಟೇ ಇರಬೇಕು. ಇವೆರಡು ಸರಿಯಾದರೆ ಉಳಿದದ್ದೆಲ್ಲ ಸ್ಕೇಲ್ ಹಿಡಿದು ಮಾಡುವ ಕೆಲಸ.

ಆದರೆ ಶುರು ಮಾಡುವ ಮೊದಲು ಒಂದು ಮಾತು. ಆರೇ ಕಾಲಂ ಇರುವ ಒಂದೇ ಪುಟದ ಫಾರಂ ಆದರೆ ಪೆನ್ನು ತೆಗೆದುಕೊಂಡು ದುಂಡಗೆ ಬರೆದುಬಿಡಿ. ನನಗೆ ಗಿರಾಕಿ ಹೋದರೂ ಪರವಾಗಿಲ್ಲ. ಇನ್ನು ಫಾರಂ ಪಿಡಿಎಫ್ ಆಗಿ ಬಂದಿದ್ದರೆ ಅದನ್ನು ತೆರೆದು ಕಾಲಂ ಮೇಲೆ ಒಮ್ಮೆ ಕ್ಲಿಕ್ ಮಾಡಿ ನೋಡಿ. ಅಲ್ಲೇ ಕರ್ಸರ್ ಮಿನುಗಿದರೆ ಅದು ತುಂಬಲೆಂದೇ ಮಾಡಿದ ಪಿಡಿಎಫ್. ಸುಮ್ನೆ ತುಂಬಿ ಪ್ರಿಂಟ್ ಕೊಡಿ, ಈ ಲೇಖನ ನಿಮಗೆ ಬೇಡ. ಅಡೋಬಿ ರೀಡರ್‌ನ 'ಫಿಲ್ ಆ್ಯಂಡ್ ಸೈನ್' ಕೂಡ ಇಂಗ್ಲಿಷ್ ಫಾರಂಗೆ ಎಷ್ಟೋ ಸಲ ಸಾಕಾಗುತ್ತದೆ. ಕನ್ನಡದಲ್ಲಿ ತುಂಬಬೇಕು, ಫಾರಂನಲ್ಲಿ ಟೇಬಲ್ ಇದೆ, ಹತ್ತಾರು ಪ್ರತಿ ಬೇಕು ಅಂದಾಗ ನಾನು ವರ್ಡ್‌ಗೇ ಬರುತ್ತೇನೆ.

ಪಿಡಿಎಫ್ ಅನ್ನು ನೇರವಾಗಿ ವರ್ಡ್‌ನಲ್ಲೇ ತೆರೆಯಬಹುದಲ್ಲ ಅಂತ ಕೆಲವರು ಕೇಳುತ್ತಾರೆ. 2013ರ ವರ್ಡ್‌ನಿಂದ ಈಚೆಗೆ ಆ ಸೌಲಭ್ಯ ಇದೆ, ನಿಜ. ಆದರೆ ಸ್ಕ್ಯಾನ್ ಮಾಡಿದ ಪಿಡಿಎಫ್ ತೆರೆದರೆ ಸಾಮಾನ್ಯವಾಗಿ ಸಿಗುವುದು ಅದೇ ಫೋಟೊ. ಕನ್ನಡ ಅಕ್ಷರ ಇರುವ ಪಿಡಿಎಫ್ ತೆರೆದರೆ ಕಲಸುಮೇಲೋಗರ.

ಸ್ಕ್ಯಾನ್ ಸೊಟ್ಟ ಆದರೆ ಎಲ್ಲವೂ ಸೊಟ್ಟ

ಕೆಲಸದ ಅರ್ಧ ಭಾಗ ಸ್ಕ್ಯಾನರ್ ಮೇಲೆಯೇ ಮುಗಿಯುತ್ತದೆ. ಇಲ್ಲಿ ಐದು ನಿಮಿಷ ಉಳಿಸಲು ಹೋದವರು ಆಮೇಲೆ ಅರ್ಧ ಗಂಟೆ ಕಳೆಯುತ್ತಾರೆ.

ಎ4 ಹಾಳೆ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ. ಅದನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 2480 ಪಿಕ್ಸೆಲ್ ಅಗಲ, 3508 ಪಿಕ್ಸೆಲ್ ಉದ್ದದ ಚಿತ್ರ ಸಿಗುತ್ತದೆ. ಫಾರಂಗೆ ಇಷ್ಟು ಸಾಕು. 600 ಹಾಕಿದರೆ ಫೈಲ್ ದಪ್ಪ ಆಗುತ್ತದೆ, ಹಳೇ ಕಂಪ್ಯೂಟರ್ ಏದುಸಿರು ಬಿಡುತ್ತದೆ. 300 ಡಿಪಿಐ ಅಂದರೆ ಒಂದು ಇಂಚಿಗೆ 300 ಚುಕ್ಕೆ. ಈ ಸಂಖ್ಯೆ ಫೈಲ್‌ನೊಳಗೇ ಬರೆದಿರುತ್ತದೆ. ಹಾಗಾಗಿ ಫ್ಲ್ಯಾಟ್‌ಬೆಡ್ ಸ್ಕ್ಯಾನರ್‌ನಿಂದ ಬಂದ ಚಿತ್ರಕ್ಕೆ ತನ್ನ ನಿಜವಾದ ಅಳತೆ ಗೊತ್ತಿರುತ್ತದೆ. ಫೋನಿನ ಫೋಟೊಗೆ ಅದು ಗೊತ್ತಿಲ್ಲ. ಒಂದು ಅಡಿ ಮೇಲಿಂದ ತೆಗೆದಿದ್ದೀರೋ ಎರಡು ಅಡಿ ಮೇಲಿಂದ ತೆಗೆದಿದ್ದೀರೋ ಅದಕ್ಕೆ ಹೇಗೆ ತಿಳಿಯಬೇಕು?

ಸೊಟ್ಟದ ಲೆಕ್ಕ ನೋಡಿ. ಹಾಳೆ ಒಂದೇ ಒಂದು ಡಿಗ್ರಿ ವಾಲಿದೆ ಅಂದುಕೊಳ್ಳಿ. ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಆದರೆ 17 ಸೆಂ.ಮೀ. ಉದ್ದದ ಗೆರೆಯ ಒಂದು ತುದಿಗೂ ಇನ್ನೊಂದು ತುದಿಗೂ ಆಗ 3 ಮಿಲಿಮೀಟರ್ ವ್ಯತ್ಯಾಸ. ನೀವು ಟೈಪ್ ಮಾಡುವ ಸಾಲು ನೆಟ್ಟಗೆ ಹೋಗುತ್ತದೆ, ಫಾರಂನ ಗೆರೆ ಇಳಿಯುತ್ತಾ ಹೋಗುತ್ತದೆ. ಎಡಗಡೆ ಹೆಸರು ಗೆರೆ ಮೇಲೆ ಕೂತಿದ್ದರೆ ಬಲಗಡೆ ಇನಿಷಿಯಲ್ ಗಾಳಿಯಲ್ಲಿ ತೇಲುತ್ತಿರುತ್ತದೆ. ಅದಕ್ಕೇ ಹಾಳೆಯ ಅಂಚನ್ನು ಸ್ಕ್ಯಾನರ್ ಗಾಜಿನ ಅಂಚಿಗೆ ಒತ್ತಿ ಇಡಬೇಕು. ಯಜಮಾನರ ಫಾರಂನಲ್ಲಿ ಇನ್ನೊಂದು ತಾಪತ್ರಯ ಇತ್ತು. ಹಾಳೆ ನೆಟ್ಟಗಿಟ್ಟರೂ ಹಿಂದಿನ ಜೆರಾಕ್ಸ್‌ನವರು ಸೊಟ್ಟ ತೆಗೆದಿದ್ದರಿಂದ ಒಳಗಿನ ಗೆರೆಗಳೇ ವಾಲಿದ್ದವು. ಆಗ ಹಾಳೆಯ ಅಂಚನ್ನು ಮರೆತು ಒಳಗಿನ ಗೆರೆ ನೆಟ್ಟಗಾಗುವವರೆಗೆ ಚಿತ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು.

ಫೋನ್ ಬಿಟ್ಟು ಬೇರೆ ದಾರಿಯೇ ಇಲ್ಲವಾ? ಹಾಳೆಯನ್ನು ಸಮತಟ್ಟಾದ ಜಾಗದಲ್ಲಿಟ್ಟು ಸರಿಯಾಗಿ ಮೇಲಿಂದ ತೆಗೆಯಿರಿ. ಕ್ಯಾಮೆರಾ ಬದಲು ಸ್ಕ್ಯಾನ್ ಮಾಡುವ ಆ್ಯಪ್ ಬಳಸಿ. ಓರೆಯಾದ ನಾಲ್ಕು ಮೂಲೆಗಳನ್ನು ಅದೇ ಎಳೆದು ಸರಿಮಾಡುತ್ತದೆ. ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೊ ಆಗಿ ಹೋದರೆ ಅದು ಕುಗ್ಗಿಸಿ ಕಳಿಸುತ್ತದೆ, ಚಿಕ್ಕ ಅಕ್ಷರವೆಲ್ಲ ಕಲೆಸಿಹೋಗುತ್ತದೆ.

ಲೀಗಲ್ ಸೈಜ್ ಹಾಳೆಯ ವಿಷಯ ಮರೆಯಬಾರದು. ಅದು 35.56 ಸೆಂ.ಮೀ. ಉದ್ದ. ಎ4 ಸ್ಕ್ಯಾನರ್ ಗಾಜಿನ ಮೇಲೆ ಅದು ಹಿಡಿಯುವುದಿಲ್ಲ. ಕುಗ್ಗಿಸಿ ಎ4ಗೆ ತಂದರೆ ಶೇ. 83ರಷ್ಟಾಗುತ್ತದೆ. ಕಚೇರಿಯವರು ಎ4 ಒಪ್ಪಿಕೊಳ್ಳುತ್ತಾರಾ ಅಂತ ಮೊದಲೇ ಕೇಳಿಕೊಂಡು ಬನ್ನಿ. ಹಳೇ ಅಫಿಡವಿಟ್ ಮಾದರಿಗಳೆಲ್ಲ ಈ ಉದ್ದದಲ್ಲೇ ಬರುವುದು ಜಾಸ್ತಿ.

ಗಾಜಿನ ಕೆಳಗೆ ಇಡುವುದು

ಈಗ ವರ್ಡ್. ಮೊದಲು ಪೇಜ್ ಸೆಟಪ್‌ಗೆ ಹೋಗಿ ಹಾಳೆ ಎ4 ಇದೆಯಾ ನೋಡಿ. ಅನೇಕ ಕಂಪ್ಯೂಟರ್‌ಗಳಲ್ಲಿ ಅಮೆರಿಕದವರ ಲೆಟರ್ ಸೈಜ್ ಕೂತಿರುತ್ತದೆ. ಅದು 27.94 ಸೆಂ.ಮೀ. ಉದ್ದ, ಅಂದರೆ ನಮ್ಮ ಎ4ಗಿಂತ ಪೌಣೆ ಎರಡು ಸೆಂಟಿಮೀಟರ್ ಗಿಡ್ಡ.

ಇನ್ಸರ್ಟ್ ಮಾಡಿದ ಕೂಡಲೇ ಆಗುವ ಮೋಸ ಇದು. ವರ್ಡ್ ಪುಟದ ಎರಡೂ ಬದಿಯಲ್ಲಿ ಸಾಮಾನ್ಯವಾಗಿ 2.54 ಸೆಂ.ಮೀ. ಮಾರ್ಜಿನ್ ಬಿಟ್ಟಿರುತ್ತದೆ. ನಡುವೆ ಉಳಿಯುವುದು 15.92 ಸೆಂ.ಮೀ. ಚಿತ್ರ ಅದಕ್ಕಿಂತ ಅಗಲ ಇದ್ದರೆ ವರ್ಡ್ ನಮ್ಮನ್ನು ಕೇಳದೆ ಅದನ್ನು ಕುಗ್ಗಿಸಿ ಅಷ್ಟಕ್ಕೇ ಕೂರಿಸುತ್ತದೆ. 21 ಸೆಂ.ಮೀ. ಫಾರಂ 15.92 ಆಯಿತು, ಅಂದರೆ ಮುಕ್ಕಾಲು ಪಾಲು. ಸ್ಕ್ರೀನ್ ಮೇಲೆ ಚೆನ್ನಾಗೇ ಕಾಣುತ್ತದೆ, ಪ್ರಿಂಟ್ ತೆಗೆದ ಮೇಲೆ ಮರಿ ಫಾರಂ! ಮೊಮ್ಮಗನ ಫೈಲ್‌ನಲ್ಲೂ ಇದೇ ಆಗಿತ್ತು.

ಹಾಗಾಗಿ ನಾನು ಫಾರಂ ಅನ್ನು ಪುಟದ ಮೇಲೆ ಹಾಕುವುದೇ ಇಲ್ಲ. ಹೆಡರ್‌ನಲ್ಲಿ ಹಾಕುತ್ತೇನೆ. ಪುಟದ ತೀರಾ ಮೇಲ್ಗಡೆ ಡಬಲ್ ಕ್ಲಿಕ್ ಮಾಡಿದರೆ ಹೆಡರ್ ತೆರೆದುಕೊಳ್ಳುತ್ತದೆ. ಅಲ್ಲಿ ಚಿತ್ರವನ್ನು ಇನ್ಸರ್ಟ್ ಮಾಡಿ. 'ರ‍್ಯಾಪ್ ಟೆಕ್ಸ್ಟ್'ನಲ್ಲಿ 'ಬಿಹೈಂಡ್ ಟೆಕ್ಸ್ಟ್' ಆರಿಸಿ. ಆಮೇಲೆ ಲೇಔಟ್ ಆಯ್ಕೆಗಳಲ್ಲಿ ಅಗಲ 21, ಉದ್ದ 29.7 ಕೊಡಿ. ಸ್ಥಾನ ಕೇಳುವ ಕಡೆ ಪುಟದ ಎಡ ಅಂಚಿನಿಂದ 0, ಮೇಲಂಚಿನಿಂದ 0 ಅಂತ ತುಂಬಿ. ಹೆಡರ್ ಮುಚ್ಚಿ.

ಹೆಡರ್ ಯಾಕೆ ಅಂದರೆ, ಅದು ಲೆಟರ್‌ಹೆಡ್ ಇದ್ದ ಹಾಗೆ. ಪುಟದಲ್ಲಿ ನೀವು ನೂರು ಸಲ ಎಂಟರ್ ಒತ್ತಿ, ಅದು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಕೈತಪ್ಪಿ ಕ್ಲಿಕ್ ಮಾಡಿದರೂ ಚಿತ್ರ ಕೈಗೆ ಸಿಗುವುದಿಲ್ಲ. ಇದೇ ನಮಗೆ ಬೇಕಿದ್ದ ಗಾಜು. ಹೆಡರ್ ಮುಚ್ಚಿದ ಕೂಡಲೇ ಫಾರಂ ಮಂಕಾಗಿ ಕಾಣುತ್ತದೆ, ಮೊದಲ ಸಲ ನೋಡುವವರು ಗಾಬರಿ ಆಗುತ್ತಾರೆ. ಸ್ಕ್ರೀನ್ ಮೇಲೆ ಮಾತ್ರ ಹಾಗೆ. ಪ್ರಿಂಟ್‌ನಲ್ಲಿ ಕಪ್ಪಗೇ ಬರುತ್ತದೆ.

ಫಾರಂ ಎರಡು ಪುಟ ಇದ್ದರೆ ಎರಡು ಫೈಲ್ ಮಾಡಿಕೊಳ್ಳಿ. ಒಂದೇ ಫೈಲ್‌ನಲ್ಲಿ ಸೆಕ್ಷನ್ ಬ್ರೇಕ್ ಹಾಕಿ, ಹಿಂದಿನ ಹೆಡರ್‌ನ ಕೊಂಡಿ ಕಳಚಿ ಬೇರೆ ಚಿತ್ರ ಹಾಕಬಹುದು. ನನಗೆ ಆ ರಗಳೆ ಬೇಡ ಅನಿಸುತ್ತದೆ.

ವರ್ಡ್ ಬದಲು ಲಿಬ್ರೆ ಆಫೀಸ್ ಅನ್ನುವ ಉಚಿತ ತಂತ್ರಾಂಶ ಬಳಸುವವರಿಗೆ ದಾರಿ ಇನ್ನೂ ಸಲೀಸು. ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಆ್ಯಂಕರ್ 'ಟು ಪೇಜ್' ಅಂತ ಕೊಟ್ಟು, ಅಕ್ಷರಗಳ ಹಿಂದಕ್ಕೆ ಕಳಿಸಿದರೆ ಆಯಿತು. ಅದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಟಿಕ್ ಇದೆ. ಚಿತ್ರದ ಪ್ರಾಪರ್ಟೀಸ್‌ನಲ್ಲಿ 'ಪ್ರಿಂಟ್' ಅನ್ನುವುದರ ಮುಂದಿನ ಗುರುತು ತೆಗೆದರೆ ಫಾರಂ ಸ್ಕ್ರೀನ್ ಮೇಲೆ ಕಾಣುತ್ತದೆ, ಪ್ರಿಂಟ್‌ಗೆ ಬರುವುದಿಲ್ಲ. ಅದರ ಉಪಯೋಗ ಮುಂದೆ ಗೊತ್ತಾಗುತ್ತದೆ.

ಮುಂದಕ್ಕೆ ಹೋಗುವ ಮೊದಲು ಒಂದು ಖಾಲಿ ಪ್ರಿಂಟ್ ತೆಗೆದು, ಮೂಲ ಹಾಳೆ ಮೇಲಿಟ್ಟು ಟ್ಯೂಬ್‌ಲೈಟಿಗೆ ಹಿಡಿಯಿರಿ. ಗೆರೆ ಮೇಲೆ ಗೆರೆ ಕೂರಬೇಕು. ಕೂರದಿದ್ದರೆ ಈಗಲೇ ಸರಿಮಾಡಿ. ನಲವತ್ತು ಕಾಲಂ ತುಂಬಿದ ಮೇಲೆ ಸರಿಮಾಡಲು ಹೋದರೆ ಅಳು ಬರುತ್ತದೆ.

ಸ್ಪೇಸ್ ಬಾರ್ ಕುಟ್ಟಬೇಡಿ

ತಾಲ್ಲೂಕು ಕಚೇರಿ ಮುಂದೆ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದವರು ನೆನಪಿದ್ದಾರಾ? ಅವರು ಇಂಥ ಫಾರಂಗಳನ್ನು ಕಣ್ಣಳತೆಯಲ್ಲೇ ತುಂಬುತ್ತಿದ್ದರು. ಉರುಳೆ ತಿರುಗಿಸಿ ಗೆರೆಗೆ ಹೊಂದಿಸುವುದು, ಸ್ಪೇಸ್ ಕುಟ್ಟುತ್ತಾ ಬಾಕ್ಸ್‌ಗೆ ತಲುಪುವುದು. ಅದು ನಡೆಯುತ್ತಿತ್ತು, ಯಾಕೆಂದರೆ ಮಾಮೂಲಿ ಇಂಗ್ಲಿಷ್ ಟೈಪ್‌ರೈಟರ್‌ನಲ್ಲಿ ಇಂಚಿಗೆ ಹತ್ತು ಅಕ್ಷರ, ಆರು ಸಾಲು. ಪ್ರತಿ ಅಕ್ಷರಕ್ಕೂ ಒಂದೇ ಅಗಲ.

ವರ್ಡ್‌ನ ಅಕ್ಷರಗಳು ಹಾಗಲ್ಲ. ಒಂದು ಅಗಲ, ಇನ್ನೊಂದು ಸಣ್ಣ. ಸ್ಪೇಸ್ ಕುಟ್ಟಿ ಕೂರಿಸಿದ 'ಗ್ರಾಮ' ಮತ್ತು 'ಹೋಬಳಿ' ನಾಳೆ ಹೆಸರಿಗೆ ಒಂದು ಇನಿಷಿಯಲ್ ಸೇರಿಸಿದರೆ ಪಕ್ಕಕ್ಕೆ ಸರಿದುಹೋಗುತ್ತವೆ. ಒಂದು ಕಡೆ ಮುಟ್ಟಿದರೆ ಹತ್ತು ಕಡೆ ಕದಲುತ್ತದೆ. ಒಬ್ಬರದು ಹೋಗಲಿ, ಎರಡನೇ ಗಿರಾಕಿಗೆ ಅದೇ ಫೈಲ್ ಬಳಸಲು ಆಗುವುದೇ ಇಲ್ಲ.

ಅಲ್ಲೊಂದು ಇಲ್ಲೊಂದು ಇರುವ ಕಾಲಂಗಳಿಗೆ ಟೆಕ್ಸ್ಟ್ ಬಾಕ್ಸ್ ಸರಿ. ಬಾಕ್ಸ್ ಎಳೆದು, ಒಳಗಿನ ಬಣ್ಣ 'ನೋ ಫಿಲ್', ಅಂಚು 'ನೋ ಔಟ್‌ಲೈನ್' ಮಾಡಿ. ಇಷ್ಟು ಎಲ್ಲರಿಗೂ ಗೊತ್ತು. ಬಾಕ್ಸ್‌ನ ಒಳಗೇ ಒಂದು ಮಾರ್ಜಿನ್ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಎಡಬಲಕ್ಕೆ 0.25 ಸೆಂ.ಮೀ., ಮೇಲೆ ಕೆಳಗೆ 0.13 ಸೆಂ.ಮೀ. "ಬಾಕ್ಸ್ ಗೆರೆ ಮೇಲೇ ಇಟ್ಟಿದ್ದೀನಿ, ಅಕ್ಷರ ಮಾತ್ರ ಕೆಳಕ್ಕೆ ಹೋಗ್ತಿದೆ" ಅನ್ನುವವರ ಕಷ್ಟಕ್ಕೆ ಕಾರಣ ಇದೇ. ನಾಲ್ಕನ್ನೂ ಸೊನ್ನೆ ಮಾಡಿ. ಒಂದು ಬಾಕ್ಸ್ ಸರಿಯಾಗಿ ಮಾಡಿ, ಉಳಿದದ್ದಕ್ಕೆಲ್ಲ ಅದನ್ನೇ ಕಾಪಿ ಮಾಡಿ ಅಂಟಿಸಿ. ಆಲ್ಟ್ ಕೀ ಒತ್ತಿ ಹಿಡಿದು ಎಳೆದರೆ ನವಿರಾಗಿ ಸರಿಯುತ್ತದೆ.

ಕುಟುಂಬದ ಸದಸ್ಯರ ವಿವರ, ಜಮೀನಿನ ವಿವರದಂಥ ಸಾಲುಸಾಲು ಕಾಲಂಗಳಿಗೆ ಟೆಕ್ಸ್ಟ್ ಬಾಕ್ಸ್ ಹಾಕುತ್ತಾ ಕೂತರೆ ಬೆಳಗಾಗುತ್ತದೆ. ಅಲ್ಲಿ ವರ್ಡ್‌ನದೇ ಟೇಬಲ್ ಹಾಕಿ. ಫಾರಂನ ಕಾಲಂ ಅಗಲವನ್ನು ಸ್ಕೇಲ್‌ನಲ್ಲಿ ಅಳೆದು ಅದೇ ಸಂಖ್ಯೆ ಟೇಬಲ್‌ಗೆ ಕೊಡಿ. ಸಾಲಿನ ಎತ್ತರಕ್ಕೆ 'ಎಕ್ಸಾಕ್ಟ್‌ಲಿ' ಆರಿಸಿ ಅಳತೆ ತುಂಬಿ. ಎತ್ತರ ಅಳೆಯುವಾಗ ಒಂದೇ ಸಾಲು ಅಳೆಯಬೇಡಿ. ಹತ್ತು ಸಾಲು ಅಳೆದು ಹತ್ತರಿಂದ ಭಾಗಿಸಿ. ಒಂದು ಸಾಲಿಗೆ ಅರ್ಧ ಮಿಲಿಮೀಟರ್ ತಪ್ಪಿದರೆ ಹತ್ತನೇ ಸಾಲಿಗೆ ಅರ್ಧ ಸೆಂಟಿಮೀಟರ್. ಕೊನೆಗೆ ಟೇಬಲ್‌ನ ಅಂಚುಗಳನ್ನೆಲ್ಲ ಅಳಿಸಿಬಿಟ್ಟರೆ ಕೆಳಗಿರುವ ಫಾರಂನ ಗೆರೆ ಮಾತ್ರ ಕಾಣುತ್ತದೆ.

ಟಿಕ್ ಹಾಕಲು ಇನ್ಸರ್ಟ್ ಸಿಂಬಲ್‌ಗೆ ಹೋಗಿ ವಿಂಗ್‌ಡಿಂಗ್ಸ್ ಫಾಂಟ್‌ನಲ್ಲಿ 252ನೇ ಗುರುತು ಆರಿಸಿ. 'ಅನ್ವಯಿಸದೆ ಇರುವುದನ್ನು ಹೊಡೆದುಹಾಕಿ' ಅಂತ ಇದ್ದರೆ ಸ್ಟ್ರೈಕ್‌ಥ್ರೂ ಹುಡುಕಬೇಡಿ. ಆ ಪದ ಫೋಟೊದೊಳಗೆ ಇದೆ. ಅದರ ಮೇಲೆ ಶೇಪ್ಸ್‌ನಿಂದ ಒಂದು ಗೆರೆ ಎಳೆಯಿರಿ.

ಒಂದೊಂದು ಅಕ್ಷರಕ್ಕೆ ಒಂದೊಂದು ಬಾಕ್ಸ್

ಆಧಾರ್‌ಗೆ 12 ಬಾಕ್ಸ್, ಪಿನ್‌ಕೋಡ್‌ಗೆ 6, ಐಎಫ್ಎಸ್‌ಸಿಗೆ 11. ಇವನ್ನು ಕೂರಿಸಲು ಜನ ಒದ್ದಾಡುವುದನ್ನು ನೋಡಿದರೆ ಪಾಪ ಅನಿಸುತ್ತದೆ. ಇದಕ್ಕೆ ಒಂದು ಚಂದದ ಲೆಕ್ಕ ಇದೆ.

ಕೊರಿಯರ್ ನ್ಯೂ ಅನ್ನುವ ಫಾಂಟ್ ಟೈಪ್‌ರೈಟರ್ ಥರ. ಎಲ್ಲ ಅಕ್ಷರಕ್ಕೂ ಒಂದೇ ಅಗಲ. 12 ಪಾಯಿಂಟ್ ಅಕ್ಷರ ಆದರೆ ಪ್ರತಿಯೊಂದೂ 7.2 ಪಾಯಿಂಟ್ ಜಾಗ ಹಿಡಿಯುತ್ತದೆ. ಒಂದು ಇಂಚಿಗೆ 72 ಪಾಯಿಂಟ್, ಅಂದರೆ ಒಂದು ಸೆಂಟಿಮೀಟರಿಗೆ 28.35. ಈಗ ಫಾರಂನ 12 ಬಾಕ್ಸ್‌ಗಳ ಸಾಲನ್ನು ಅಳೆಯಿರಿ. 6 ಸೆಂ.ಮೀ. ಬಂತು ಅಂದುಕೊಳ್ಳಿ. ಒಂದು ಬಾಕ್ಸ್‌ಗೆ ಅರ್ಧ ಸೆಂಟಿಮೀಟರ್, ಅಂದರೆ 14.17 ಪಾಯಿಂಟ್. ಅದರಲ್ಲಿ ಅಕ್ಷರದ 7.2 ಕಳೆದರೆ ಸುಮಾರು 7. ಆಧಾರ್ ನಂಬರನ್ನು ಸ್ಪೇಸ್ ಇಲ್ಲದೆ ಟೈಪ್ ಮಾಡಿ, ಸೆಲೆಕ್ಟ್ ಮಾಡಿ, ಫಾಂಟ್ ಆಯ್ಕೆಯ 'ಅಡ್ವಾನ್ಸ್ಡ್' ಪುಟದಲ್ಲಿ ಸ್ಪೇಸಿಂಗ್ 'ಎಕ್ಸ್‌ಪ್ಯಾಂಡೆಡ್', 7 ಪಾಯಿಂಟ್ ಅಂತ ಕೊಡಿ. ಹನ್ನೆರಡೂ ಅಂಕಿ ಹನ್ನೆರಡು ಬಾಕ್ಸ್‌ಗೆ ಹೋಗಿ ಕೂರುತ್ತವೆ. ಮೊಮ್ಮಗನಿಗೆ ತೋರಿಸಿದಾಗ ಅವನು ಮ್ಯಾಜಿಕ್ ನೋಡಿದವನಂತೆ ನಕ್ಕ. ಎಸ್ಸೆಸ್ಸೆಲ್ಸಿ ಲೆಕ್ಕ ಅಷ್ಟೇ.

ಊರಿನ ಹೆಸರು ಇಂಗ್ಲಿಷಿನಲ್ಲಿ ತುಂಬುವಾಗ ಬಾಕ್ಸ್ ಸಾಲದೆ ಹೋಗುವುದು ನಮ್ಮ ಜಿಲ್ಲೆಯ ಹಳೇ ಗೋಳು. 2014ರ ನವೆಂಬರ್ 1ರಿಂದ ತುಮಕೂರಿನ ಇಂಗ್ಲಿಷ್ ಹೆಸರು ಕನ್ನಡದ ಉಚ್ಚಾರಕ್ಕೆ ತಕ್ಕಂತೆ ಬದಲಾಯಿತು. 6 ಅಕ್ಷರ ಇದ್ದದ್ದು 8 ಆಯಿತು. ಅದು ಹೋಗಲಿ. ಚಿಕ್ಕನಾಯಕನಹಳ್ಳಿಯವರ ಕಥೆ ಕೇಳಿ, ಇಂಗ್ಲಿಷಿನಲ್ಲಿ 19 ಅಕ್ಷರ! ಅಷ್ಟು ಬಾಕ್ಸ್ ಕೊಡುವ ಫಾರಂ ನನಗಂತೂ ಅಪರೂಪ.

ಅದೇ ಊರು ಕನ್ನಡದಲ್ಲಿ ಎಂಟೇ ಬಾಕ್ಸ್. ಚಿ, ಕ್ಕ, ನಾ, ಯ, ಕ, ನ, ಹ, ಳ್ಳಿ. ಆದರೆ ಇಲ್ಲಿ ಕೊರಿಯರ್ ಲೆಕ್ಕ ನಡೆಯುವುದಿಲ್ಲ. 'ರ' ಸಣ್ಣ, 'ಮ' ಅಗಲ, 'ಯೋ' ಇನ್ನೂ ಅಗಲ. ಜೊತೆಗೆ ಕಂಪ್ಯೂಟರ್ 'ಳ್ಳಿ' ಅನ್ನುವುದನ್ನು ಒಂದು ಅಕ್ಷರ ಅಂತ ಎಣಿಸುವುದಿಲ್ಲ. ಳ, ಅರ್ಧ ಮಾಡುವ ಗುರುತು, ಮತ್ತೆ ಳ, ಗುಡಿಸು, ಹೀಗೆ ನಾಲ್ಕು ಅಂತ ಎಣಿಸುತ್ತದೆ. ಕನ್ನಡದ ಬಾಕ್ಸ್‌ಗಳಿಗೆ ಒಂದೇ ಸಾಲಿನ ಟೇಬಲ್ ಮಾಡಿ, ಒಂದೊಂದು ಮನೆಗೆ ಒಂದೊಂದು ಅಕ್ಷರ ಹಾಕಿ ಮಧ್ಯಕ್ಕೆ ಕೂರಿಸುವುದೇ ಸರಿ.

ಒತ್ತು ಕತ್ತರಿಸಿಹೋಯಿತು

ಕನ್ನಡದ ಇನ್ನೊಂದು ಕಾಟ ಎತ್ತರದ್ದು. ಇಂಗ್ಲಿಷ್ ಅಕ್ಷರ ಸಾಲಿನ ಮೇಲೆ ನಿಲ್ಲುತ್ತದೆ, ಒಂದೆರಡು ಅಕ್ಷರ ಕಾಲು ಇಳಿಬಿಡುತ್ತವೆ ಅಷ್ಟೇ. ನಮ್ಮದು ಕೆಳಗೆ ಇನ್ನೊಂದು ಮನೆಯನ್ನೇ ಕಟ್ಟುತ್ತದೆ. 'ಲಕ್ಷ್ಮಮ್ಮ' ಬರೆದು ನೋಡಿ. ಸಾಲಿನ ಎತ್ತರವನ್ನು 'ಎಕ್ಸಾಕ್ಟ್‌ಲಿ 12 ಪಾಯಿಂಟ್' ಅಂತ ಬಿಗಿದಿದ್ದರೆ ಕೆಳಗಿನ ಒತ್ತುಗಳು ಕತ್ತರಿಸಿಹೋಗುತ್ತವೆ. ಲಕ್ಷ್ಮಮ್ಮ ಹೋಗಿ ಲಕಮ ಆಗುತ್ತಾರೆ. ಅಂಥ ಫಾರಂ ಹಿಡಿದು ಬ್ಯಾಂಕಿಗೆ ಹೋದರೆ ಪಾಸ್‌ಬುಕ್ಕಿನ ಹೆಸರಿಗೆ ತಾಳೆ ಆಗುವುದಿಲ್ಲ ಅಂತ ವಾಪಸ್ ಕಳಿಸಿದರೂ ಕಳಿಸಿದರೇ. 12 ಪಾಯಿಂಟ್ ಅಕ್ಷರಕ್ಕೆ ನಾನು 18 ಪಾಯಿಂಟ್ ಸಾಲು ಬಿಡುತ್ತೇನೆ. ಫಾರಂನ ಸಾಲು ಅಷ್ಟು ಎತ್ತರ ಇಲ್ಲದಿದ್ದರೆ ಅಕ್ಷರವನ್ನು 10ಕ್ಕೆ ಇಳಿಸುತ್ತೇನೆ. ಒತ್ತು ಗೆರೆಯನ್ನು ಸ್ವಲ್ಪ ತಾಗಿದರೂ ಪರವಾಗಿಲ್ಲ, ಕೈಯಲ್ಲಿ ಬರೆದರೂ ಹಾಗೇ ಆಗುತ್ತದೆ.

ಫಾಂಟ್ ವಿಷಯದಲ್ಲಿ ಒಂದೇ ಮಾತು, ಯೂನಿಕೋಡ್ ಬಳಸಿ. ಅದರಲ್ಲಿ ಕನ್ನಡ ಅಕ್ಷರಗಳಿಗೆ ತಮ್ಮದೇ ಬೇರೆ ಜಾಗ ಇದೆ. ಹಳೇ ನುಡಿ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳ ಸಾಲು ಕಾಣುತ್ತದೆ. ವಿಂಡೋಸ್ ಜೊತೆ ಬರುವ ನಿರ್ಮಲಾ ಯುಐ ಸಾಕು. ಫೈಲ್ ಹೊರಗೆ ಕಳಿಸುವುದಾದರೆ ಪಿಡಿಎಫ್ ಮಾಡಿಬಿಡಿ.

ಪ್ರಿಂಟ್

ಇಷ್ಟೆಲ್ಲ ಮಾಡಿ ಪ್ರಿಂಟ್ ಬಟನ್ ಹತ್ತಿರ ಕೆಡಿಸಿಕೊಳ್ಳುವವರು ಇದ್ದಾರೆ. ಪಿಡಿಎಫ್‌ನಿಂದ ಪ್ರಿಂಟ್ ಕೊಡುವಾಗ 'ಫಿಟ್' ಅಂತ ಆಯ್ಕೆ ಇದ್ದರೆ ತೆಗೆದು 'ಆ್ಯಕ್ಚುವಲ್ ಸೈಜ್' ಮಾಡಿ. ಫಾರಂ ಜೊತೆಗೇ ಪ್ರಿಂಟ್ ಆಗುವುದಾದರೆ ಸ್ವಲ್ಪ ಕುಗ್ಗಿದರೂ ಎರಡೂ ಒಟ್ಟಿಗೆ ಕುಗ್ಗುತ್ತವೆ, ನಷ್ಟವಿಲ್ಲ. ಆದರೆ ಕೆಲವು ಕಡೆ ಅವರೇ ಕೊಟ್ಟ ಅಚ್ಚಾದ ಫಾರಂ ಮೇಲೇ ಬರಬೇಕು, ಜೆರಾಕ್ಸ್ ನಡೆಯುವುದಿಲ್ಲ. ಆಗ ಅಕ್ಷರ ಮಾತ್ರ ಪ್ರಿಂಟ್ ಆಗಬೇಕು. ಶೇ. 97ಕ್ಕೆ ಕುಗ್ಗಿದರೂ 20 ಸೆಂ.ಮೀ. ಕೆಳಗೆ ಇರುವ ಕಾಲಂನಲ್ಲಿ 6 ಮಿಲಿಮೀಟರ್ ತಪ್ಪುತ್ತದೆ. ಒಂದು ಸಾಲೇ ಮೇಲಕ್ಕೆ ಹೋದಂತೆ.

ಲಿಬ್ರೆ ಆಫೀಸ್‌ನ ಆ ಪ್ರಿಂಟ್ ಟಿಕ್ ಕೆಲಸಕ್ಕೆ ಬರುವುದು ಇಲ್ಲೇ. ವರ್ಡ್‌ನಲ್ಲಾದರೆ ಫೈಲ್‌ನ ಇನ್ನೊಂದು ಪ್ರತಿ ಮಾಡಿ ಹೆಡರ್‌ನಿಂದ ಚಿತ್ರ ಅಳಿಸಿಬಿಡುತ್ತೇನೆ. ಮೊದಲು ಖಾಲಿ ಹಾಳೆ ಮೇಲೆ ಪ್ರಿಂಟ್, ಮತ್ತೆ ಟ್ಯೂಬ್‌ಲೈಟ್. ಎಲ್ಲ ಅಕ್ಷರವೂ ಒಂದೇ ಕಡೆ ಒಂದೆರಡು ಮಿಲಿಮೀಟರ್ ಸರಿದಿದ್ದರೆ ಅದು ಪ್ರಿಂಟರ್ ಹಾಳೆ ಎಳೆಯುವ ರೀತಿ. ಎಲ್ಲವನ್ನೂ ಸೆಲೆಕ್ಟ್ ಮಾಡಿ ಅಷ್ಟೇ ಹಿಂದಕ್ಕೆ ಸರಿಸಿ. ಕೆಳಕ್ಕೆ ಹೋದಷ್ಟೂ ತಪ್ಪು ಜಾಸ್ತಿ ಆಗುತ್ತಿದ್ದರೆ ಎಲ್ಲೋ ಅಳತೆ ಕುಗ್ಗಿದೆ ಅಂತ ಅರ್ಥ. ಸರಿಸಿ ಪ್ರಯೋಜನವಿಲ್ಲ, ಸೆಟ್ಟಿಂಗ್ ಹುಡುಕಿ.

ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ಅರವತ್ತು ಮಕ್ಕಳಿಗೆ ಒಂದೇ ಫಾರಂ ತುಂಬಬೇಕಾದರೆ ಅರವತ್ತು ಸಲ ಟೈಪ್ ಮಾಡಬೇಡಿ. ಫಾರಂ ಹೆಡರ್‌ನಲ್ಲಿ ಇರಲಿ, ಟೆಕ್ಸ್ಟ್ ಬಾಕ್ಸ್‌ಗಳ ಒಳಗೆ ಮೇಲ್ ಮರ್ಜ್‌ನ (ಪಟ್ಟಿಯಿಂದ ಒಬ್ಬೊಬ್ಬರ ವಿವರ ತಾನೇ ತಂದು ತುಂಬುವ ವರ್ಡ್‌ನ ಸೌಲಭ್ಯ) ಫೀಲ್ಡ್ ಹಾಕಿ, ವಿವರ ಎಕ್ಸೆಲ್‌ನಿಂದ ಬರಲಿ. ಎಕ್ಸೆಲ್‌ನಲ್ಲಿ ಆಧಾರ್ ಮತ್ತು ಬ್ಯಾಂಕ್ ಖಾತೆಯ ಕಾಲಂ ಅನ್ನು ಮೊದಲೇ 'ಟೆಕ್ಸ್ಟ್' ಮಾಡಿಡಿ. ಇಲ್ಲದಿದ್ದರೆ 12 ಅಂಕಿಯ ಆಧಾರ್ 'ಇ ಪ್ಲಸ್ 11' ಅಂತ ವೇಷ ಹಾಕಿ ನಿಲ್ಲುತ್ತದೆ. ಸೊನ್ನೆಯಿಂದ ಶುರುವಾಗುವ ಖಾತೆ ನಂಬರಿನ ಸೊನ್ನೆ ಮಾಯ. 15ಕ್ಕಿಂತ ಜಾಸ್ತಿ ಅಂಕಿ ಇದ್ದರೆ ಕೊನೆಯವು ಸೊನ್ನೆಗಳಾಗಿಬಿಡುತ್ತವೆ.

ಯಜಮಾನರ ಫಾರಂ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಪ್ರಿಂಟ್ ತೆಗೆದು ಕೊಟ್ಟೆ, ಅವರು ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದರು. ಸಹಿಯ ಫೋಟೊವನ್ನೂ ಫಾರಂ ಮೇಲೆ ಅಂಟಿಸಬಹುದಲ್ಲ ಅಂದ ಮೊಮ್ಮಗ. ಬೇಡ ಅಂದೆ. ಕಾಗದ ಕೊಡುವ ಕಡೆ ಸಹಿ ಪೆನ್ನಿನದೇ ಇರಲಿ.

ಖಾಲಿ ಫಾರಂನ ಫೈಲ್ ನನ್ನ ಹತ್ತಿರ ಉಳಿಸಿಕೊಂಡೆ, ಮುಂದಿನವರಿಗೆ ಬೇಕಾಗುತ್ತದೆ. ತುಂಬಿದ ಫೈಲ್ ಮೊಮ್ಮಗನ ಫೋನಿಗೆ ಕಳಿಸಿ, ಅವನ ಎದುರೇ ನನ್ನ ಕಂಪ್ಯೂಟರ್‌ನಿಂದ ಅಳಿಸಿದೆ, ರೀಸೈಕಲ್ ಬಿನ್‌ನಿಂದಲೂ. ಆಧಾರ್, ಖಾತೆ ನಂಬರ್, ಜಮೀನಿನ ವಿವರ ಎಲ್ಲ ಇರುವ ಫೈಲ್ ಅಂಗಡಿಯ ಡೆಸ್ಕ್‌ಟಾಪ್ ಮೇಲೆ ಬಿದ್ದಿರಬಾರದು. ನೀವೂ ಯಾವುದೇ ಅಂಗಡಿಯಿಂದ ಏಳುವ ಮೊದಲು ಕೇಳಿ ಅಳಿಸಿಸಿ, ವಾಟ್ಸ್ಆ್ಯಪ್ ವೆಬ್ ತೆರೆದಿದ್ದರೆ ಲಾಗ್ ಔಟ್ ಆಗಿ.

ನಾಲ್ಕು ದಿನ ಬಿಟ್ಟು ಮೊಮ್ಮಗ ಒಬ್ಬನೇ ಬಂದ. ಸರ್ವೆ ನಂಬರ್ 47/2 ಅಂತ ಹಾಕಿಸಿದ್ದರು, ಪಹಣಿಯಲ್ಲಿ 47/3 ಇದೆಯಂತೆ. ಜೊತೆಗೆ ಮೂರು ಪ್ರತಿ ಕೇಳಿದ್ದಾರಂತೆ. "ಮನೇಲೇ ಅಂಕಿ ತಿದ್ದಿದ್ದೀನಿ ಅಣ್ಣ, ಒಂದು ಗೆರೆನೂ ಅಲುಗಲಿಲ್ಲ. ಪ್ರಿಂಟ್ ಮಾತ್ರ ಕೊಡಿ," ಅಂತ ಫೋನ್ ಮುಂದೆ ಹಿಡಿದ.